ಕನ್ನಡ ಸಬ್ಜೆಕ್ಟ್ ಹಾಕಿದರೆ ಮಾತ್ರ ಮೇಲ್ ಒಡೆಯುವುದೇಕೆ?

ಪ್ರಶ್ನೆ: ಸರ್, ನಾನು ಮಂಡ್ಯದವನು. ನಮ್ಮ ಭಾವ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಹೋಮ್‌ಸ್ಟೇ ನಡೆಸುತ್ತಾರೆ. ಅದರ ವೆಬ್‌ಸೈಟ್ ಪಿಎಚ್‌ಪಿ ಭಾಷೆಯಲ್ಲಿ ನಾನೇ ಮಾಡಿಕೊಟ್ಟಿದ್ದು. ರೂಮ್ ಬುಕ್ ಆದ ತಕ್ಷಣ ಗ್ರಾಹಕರಿಗೆ ಒಂದು ಮೇಲ್ ಹೋಗುತ್ತದೆ. ಮೊದಲು ಪ್ರತಿ ಹೆಡರ್ ಸಾಲಿನ (ಪತ್ರದ ಮೇಲೆ ಬರುವ ಟು, ಫ್ರಮ್, ಸಬ್ಜೆಕ್ಟ್ ಥರದ ಸಾಲು) ಕೊನೆಗೆ, ಸಾಲು ಮುಗಿಯಿತು ಅಂತ ಹೇಳುವ ಬ್ಯಾಕ್‌ಸ್ಲ್ಯಾಶ್ ಆರ್, ಬ್ಯಾಕ್‌ಸ್ಲ್ಯಾಶ್ ಎನ್ ಎರಡನ್ನೂ ಹಾಕಿದ್ದೆ. ಹೆಡರ್‌ಗಳೆಲ್ಲ ಪತ್ರದ ಒಳಗೇ ಕಾಣಿಸಿದವು. ಗೆಳೆಯನೊಬ್ಬ ‘ಆರ್ ತೆಗಿ, ಬರೀ ಎನ್ ಇಡು’ ಅಂದ. ಸರಿಹೋಯಿತು. ಆಮೇಲೆ ಇನ್ನೊಂದು ವಿಚಿತ್ರ. ಇಂಗ್ಲಿಷ್ ಸಬ್ಜೆಕ್ಟ್ ಹಾಕಿದರೆ ಮೇಲ್ ಚೆನ್ನಾಗಿ ಹೋಗುತ್ತದೆ. ‘ಧನ್ಯವಾದಗಳು’ ಅಂತ ಕನ್ನಡದಲ್ಲಿ ಹಾಕಿದರೂ ತೊಂದರೆ ಇಲ್ಲ. ‘ನಿಮ್ಮ ಬುಕಿಂಗ್ ಖಚಿತವಾಗಿದೆ’ ಅಂತ ಹಾಕಿದರೆ ಮಾತ್ರ ಕೆಲವರಿಗೆ ಅರ್ಧ ಸಬ್ಜೆಕ್ಟ್, ಒಳಗೆಲ್ಲ ಕಸ. ಈಗ ಹೋಸ್ಟಿಂಗ್ ಕಂಪನಿಯವರು ಪಿಎಚ್‌ಪಿ 7.4 ತೆಗೆದು 8.1 ಹಾಕಿದ್ದಾರೆ, ಬೇರೇನೂ ಮುಟ್ಟಿಲ್ಲ ಅಂತಾರೆ. ಅಂದಿನಿಂದ ಇಂಗ್ಲಿಷ್ ಮೇಲ್ ಕೂಡ ಒಡೆಯುತ್ತಿದೆ. ಕೆಲವರಿಗೆ ಸಬ್ಜೆಕ್ಟೇ ಇಲ್ಲ, ಕೆಲವರಿಗೆ ಮೇಲೇ ಇಲ್ಲ. ದಸರಾ ಬುಕಿಂಗ್ ಶುರುವಾಗುವ ಹೊತ್ತು. ಆರ್ ಮತ್ತು ಎನ್ ಎರಡೂ ಬೇಕೋ, ಎನ್ ಒಂದೇ ಸಾಕೋ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ‘ಧನ್ಯವಾದಗಳು’ ಹೋಗುತ್ತದೆ, ‘ನಿಮ್ಮ ಬುಕಿಂಗ್ ಖಚಿತವಾಗಿದೆ’ ಹೋಗುವುದಿಲ್ಲ ಅಂದಿರಲ್ಲ, ಅದೊಂದು ಮಾತು ಬರೆಯದೇ ಹೋಗಿದ್ದರೆ ನಾನೂ ಬೇರೆ ದಾರಿ ಹಿಡಿಯುತ್ತಿದ್ದೆ. ತೊಂದರೆ ಕನ್ನಡದಲ್ಲಿ ಇಲ್ಲ, ಸಬ್ಜೆಕ್ಟಿನ ಉದ್ದದಲ್ಲಿದೆ. ಅದನ್ನು ಆಮೇಲೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ನೇರ ಉತ್ತರ. ಇಂಟರ್ನೆಟ್ಟಿನಲ್ಲಿ ಒಂದು ಮೇಲ್ ಸರ್ವರ್ ಇನ್ನೊಂದರ ಜೊತೆ ಮಾತಾಡುವಾಗ ಪ್ರತಿ ಸಾಲಿನ ಕೊನೆಗೆ ಎರಡೂ ಇರಲೇಬೇಕು. ಆರ್ ಅಂದರೆ ಸಿಆರ್ (ಕ್ಯಾರೇಜ್ ರಿಟರ್ನ್), ಆಸ್ಕಿ ಅನ್ನುವ ಇಂಗ್ಲಿಷ್ ಅಕ್ಷರಪಟ್ಟಿಯಲ್ಲಿ 13ನೇ ಸಂಖ್ಯೆ. ಎನ್ ಅಂದರೆ ಎಲ್‌ಎಫ್ (ಲೈನ್ ಫೀಡ್), 10ನೇ ಸಂಖ್ಯೆ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಟ್ಟ ಕಡತಗಳಿಗೆ ಆರ್‌ಎಫ್‌ಸಿ ಅಂತಾರೆ. 1982ರ ಆರ್‌ಎಫ್‌ಸಿ 821 ಮತ್ತು 822ರಿಂದ ಹಿಡಿದು ಈಗ ನಡೆಯುತ್ತಿರುವ 2008ರ ಆರ್‌ಎಫ್‌ಸಿ 5321, 5322ರವರೆಗೆ ಈ ಮಾತು ಬದಲಾಗಿಲ್ಲ. ಸಿಆರ್ ಒಂಟಿಯಾಗಿ ಬರಬಾರದು, ಎಲ್‌ಎಫ್ ಒಂಟಿಯಾಗಿ ಬರಬಾರದು. ಬಂದರೆ ಜೋಡಿಯಾಗಿ, ಅದೇ ಕ್ರಮದಲ್ಲಿ ಬರಬೇಕು.

ಹಾಗಾದರೆ ಗೆಳೆಯ ಹೇಳಿದ್ದು ತಪ್ಪಾ? ತಪ್ಪಲ್ಲ. ಯಾಕೆ ಅಂದರೆ ನಿಮ್ಮ ಪಿಎಚ್‌ಪಿ ಇಂಟರ್ನೆಟ್ಟಿನ ಜೊತೆ ಮಾತಾಡುತ್ತಲೇ ಇಲ್ಲ. ಲಿನಕ್ಸ್ ಸರ್ವರಿನಲ್ಲಿ ಪಿಎಚ್‌ಪಿಯ ಮೇಲ್ ಫಂಕ್ಷನ್ ಮಾಡುವುದು ಇಷ್ಟೇ: ಅದೇ ಯಂತ್ರದಲ್ಲಿರುವ ಸೆಂಡ್‌ಮೇಲ್ ಅನ್ನುವ ಪ್ರೋಗ್ರಾಮನ್ನು ಕರೆದು, ಹೆಡರ್ ಮತ್ತು ಪತ್ರವನ್ನು ಅದರ ಕೈಗೆ ಕೊಡುವುದು. ಹೆಸರು ಸೆಂಡ್‌ಮೇಲ್ ಅಂತಿದ್ದರೂ ಅದರ ಹಿಂದೆ ಪೋಸ್ಟ್‌ಫಿಕ್ಸ್ ಇರಬಹುದು, ಎಕ್ಸಿಮ್ ಇರಬಹುದು, ಕ್ಯೂಮೇಲ್ ಇರಬಹುದು. ಯುನಿಕ್ಸ್ ಮನೆಯೊಳಗೆ ಸಾಲು ಮುಗಿಯುವುದು ಬರೀ ಎಲ್‌ಎಫ್‌ನಿಂದ. ಹೊರಗೆ ಕಳಿಸುವ ಮುಂಚೆ ಮೇಲ್ ಸರ್ವರ್ ಅದನ್ನು ಸಿಆರ್‌ಎಲ್‌ಎಫ್ (ಎರಡರ ಜೋಡಿ) ಮಾಡಿಕೊಳ್ಳುತ್ತದೆ. ನೀವೂ ಸಿಆರ್ ಹಾಕಿ, ಅದೂ ಸಿಆರ್ ಹಾಕಿದರೆ, ಒಂದೇ ಸಾರಿಗೆ ಅತ್ತೆ ಒಮ್ಮೆ ಸೊಸೆ ಒಮ್ಮೆ ಉಪ್ಪು ಹಾಕಿದ ಹಾಗೆ. ಸಾಲಿನ ಕೊನೆಯಲ್ಲಿ ಸಿಆರ್, ಸಿಆರ್, ಎಲ್‌ಎಫ್ ಅಂತ ಮೂರು ನಿಲ್ಲುತ್ತವೆ.

ಹಾಗಾಗಿ ‘ಎರಡಾ, ಒಂದಾ’ ಅನ್ನುವ ಪ್ರಶ್ನೆಗಿಂತ ‘ಬದಲಾಯಿಸುವವರು ಯಾರು’ ಅನ್ನುವ ಪ್ರಶ್ನೆ ದೊಡ್ಡದು. ಮೇಲ್ ನಿಮ್ಮ ಕೋಡಿನಿಂದ ಹೊರಟು ಗ್ರಾಹಕರ ಇನ್‌ಬಾಕ್ಸ್ ಸೇರುವ ದಾರಿಯಲ್ಲಿ ಎಲ್‌ಎಫ್ ಅನ್ನು ಸಿಆರ್‌ಎಲ್‌ಎಫ್ ಮಾಡುವವರು ಒಬ್ಬರೇ ಇರಬೇಕು. ಇಬ್ಬರಾದರೆ ಒಡೆಯುತ್ತದೆ. ಯಾರೂ ಇಲ್ಲದಿದ್ದರೂ ಒಡೆಯುತ್ತದೆ.

ಈ ಎರಡು ಅಕ್ಷರಗಳ ಕಥೆ ಟೆಲಿಟೈಪ್ (ತಂತಿಯಲ್ಲಿ ಬಂದದ್ದನ್ನು ಕಾಗದದ ಮೇಲೆ ಟೈಪ್ ಮಾಡುವ ಯಂತ್ರ) ಕಾಲದ್ದು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್, ಸೀನಿಯರ್ ಪಾಸು ಮಾಡಿದವರಿಗೆ ಹೇಳಬೇಕಾಗಿಲ್ಲ: ಸಾಲು ಮುಗಿದ ಮೇಲೆ ಕ್ಯಾರೇಜನ್ನು ಸಾಲಿನ ಶುರುವಿಗೆ ತರುವುದು ಒಂದು ಕೆಲಸ, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವುದು ಇನ್ನೊಂದು. ಟೆಲಿಟೈಪಿಗೆ ಇವೆರಡಕ್ಕೂ ಬೇರೆ ಬೇರೆ ಸಂಕೇತ ಕೊಡಬೇಕಿತ್ತು. ಮಲ್ಟಿಕ್ಸ್ ಅನ್ನುವ ಹಳೆ ಆಪರೇಟಿಂಗ್ ಸಿಸ್ಟಮ್ ಮಾಡಿದವರು ಒಂದೇ ಸಾಕು ಅಂತ ಎಲ್‌ಎಫ್ ಇಟ್ಟುಕೊಂಡರು, ಯುನಿಕ್ಸ್ ಅದನ್ನೇ ಹಿಡಿಯಿತು. ಡಾಸ್ ಮತ್ತು ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ಹಳೆ ಮ್ಯಾಕ್ ಬರೀ ಸಿಆರ್ ಬಳಸುತ್ತಿತ್ತು. ಎಲ್ಲರಿಗೂ ಒಂದು ನಿಯಮ ಇರಲಿ ಅಂತ ನೆಟ್‌ವರ್ಕಿನವರು ಎರಡೂ ಇರಬೇಕು ಅಂದರು. ಇಷ್ಟು ಗೊತ್ತಿದ್ದರೆ ಸಾಕು.

ಈಗ ಕನ್ನಡದ ಲೆಕ್ಕಕ್ಕೆ ಬರೋಣ.

ಹಳೆ ಮೇಲ್ ನಿಯಮದ ಪ್ರಕಾರ ಹೆಡರಿನಲ್ಲಿ ಆಸ್ಕಿ ಅಕ್ಷರಗಳು ಮಾತ್ರ ಇರಬೇಕು. ಕನ್ನಡ ಸಬ್ಜೆಕ್ಟನ್ನು ಹಾಗೇ ಹಾಕುವಂತಿಲ್ಲ. 1996ರ ಆರ್‌ಎಫ್‌ಸಿ 2047 ಇದಕ್ಕೊಂದು ದಾರಿ ಮಾಡಿಕೊಟ್ಟಿತು: ಕನ್ನಡವನ್ನು ಬೇಸ್64 ಮಾಡಿ (ಅಂದರೆ ಬರೀ ಆಸ್ಕಿ ಅಕ್ಷರಗಳ ರೂಪಕ್ಕೆ ಬದಲಾಯಿಸಿ), ಮುಂದೆ ‘ಇದು ಯುಟಿಎಫ್-8, ಇದು ಬೇಸ್64’ ಅನ್ನುವ ಗುರುತು, ಹಿಂದೆ ಮುಗಿಯಿತು ಅನ್ನುವ ಗುರುತು ಹಾಕುವುದು. ಆದರೆ ಒಂದು ಷರತ್ತು. ಹೀಗೆ ಮಾಡಿದ ಒಂದು ತುಂಡು 75 ಅಕ್ಷರ ಮೀರಬಾರದು. ಮುಂದಿನ ಗುರುತಿಗೆ 10 ಅಕ್ಷರ, ಹಿಂದಿನದಕ್ಕೆ 2. ಉಳಿದದ್ದು 63. ಬೇಸ್64 ನಾಲ್ಕು ನಾಲ್ಕರ ಗುಂಪಾಗಿ ಬರುವುದರಿಂದ ಬಳಸಲು ಸಿಗುವುದು 60. ಬೇಸ್64ರಲ್ಲಿ 4 ಅಕ್ಷರಕ್ಕೆ 3 ಬೈಟ್. ಅಂದರೆ 60ಕ್ಕೆ 45 ಬೈಟ್. ಯುಟಿಎಫ್-8 ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಪದ್ಧತಿ. ಅದರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಕಂಪ್ಯೂಟರ್ ಎಣಿಸುವ ಒಂದೊಂದು ಗುರುತು) 3 ಬೈಟ್ ತಿನ್ನುತ್ತದೆ. ಹಾಗಾಗಿ ಒಂದು ತುಂಡಿನಲ್ಲಿ ಹಿಡಿಯುವುದು 15 ಕೋಡ್‌ಪಾಯಿಂಟ್ ಮಾತ್ರ.

ಕೋಡ್‌ಪಾಯಿಂಟ್ ಅಂದರೆ ನಾವು ಎಣಿಸುವ ಅಕ್ಷರ ಅಲ್ಲ ಅನ್ನುವುದನ್ನು ನೆನಪಿಡಿ. ‘ಮ್ಮ’ ನಮಗೆ ಒಂದು ಒತ್ತಕ್ಷರ. ಕಂಪ್ಯೂಟರಿಗೆ ಮ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೆ ಮ, ಒಟ್ಟು ಮೂರು. ಗುಣಿತದ ಕೊಂಬು, ಇಳಿ, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ.

‘ಧನ್ಯವಾದಗಳು’ ಎಣಿಸಿ ನೋಡಿ. ಹತ್ತು ಕೋಡ್‌ಪಾಯಿಂಟ್, 30 ಬೈಟ್. ಒಂದೇ ತುಂಡಿನಲ್ಲಿ ಮುಗಿಯಿತು. ‘ನಿಮ್ಮ ಬುಕಿಂಗ್ ಖಚಿತವಾಗಿದೆ’ ಅನ್ನುವುದರಲ್ಲಿ 22 ಕನ್ನಡ ಕೋಡ್‌ಪಾಯಿಂಟ್, 2 ಖಾಲಿ ಜಾಗ. ಒಟ್ಟು 68 ಬೈಟ್. 45ರ ಮಿತಿ ಮೀರಿತು. ಎರಡು ತುಂಡು ಆಗಲೇಬೇಕು. ಎರಡು ತುಂಡು ಆದಾಗ ಸಬ್ಜೆಕ್ಟನ್ನು ಸಾಮಾನ್ಯವಾಗಿ ಮಡಿಸುತ್ತಾರೆ: ಮೊದಲ ತುಂಡಿನ ಕೊನೆಗೆ ಸಾಲು ಮುರಿದು, ಮುಂದಿನ ಸಾಲನ್ನು ಒಂದು ಸ್ಪೇಸ್ ಬಿಟ್ಟು ಶುರು ಮಾಡುವುದು. ಸ್ಪೇಸಿನಿಂದ ಶುರುವಾದ ಸಾಲು ಹಿಂದಿನ ಹೆಡರಿನ ಮುಂದುವರಿಕೆ ಅಂತ ಓದುವವರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನ ‘ಬುಕಿಂಗ್ ಕನ್‌ಫರ್ಮ್ಡ್’ ಬರೀ 17 ಬೈಟ್. ಅದಕ್ಕೆ ಬೇಸ್64ರ ಗೊಡವೆಯೂ ಇಲ್ಲ, ಮಡಿಸುವ ಗೊಡವೆಯೂ ಇಲ್ಲ.

ಕನ್ನಡದಲ್ಲಿ ಮೇಲ್ ಕಳಿಸುವವರಿಗೆ ಸಾಲಿನ ಕೊನೆಯ ತಂಟೆ ಇಂಗ್ಲಿಷಿನವರಿಗಿಂತ ಜಾಸ್ತಿ ಆಗುವುದು ಇದಕ್ಕೇ. ಮೂರು ಪದದ ಸಬ್ಜೆಕ್ಟಿಗೇ ಒಂದು ಸಾಲು ಮುರಿತ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಟೆಸ್ಟ್ ಮಾಡಿ ‘ಎಲ್ಲ ಸರಿ ಇದೆ’ ಅಂದುಕೊಂಡವರು ಇಲ್ಲೇ ಎಡವುವುದು.

ಈಗ ಆ ಮಡಿಕೆಯನ್ನು ಹಾಕಿದ್ದು ಯಾರು? ನೀವಲ್ಲ. ಪ್ರಶ್ನೆಯಲ್ಲಿ ನೀವು ಹೇಳಿಲ್ಲ, ಆದರೂ ನಿಮ್ಮ ಕೋಡಿನಲ್ಲಿ ಸಬ್ಜೆಕ್ಟಿಗೆ ಎಂಬಿ_ಎನ್‌ಕೋಡ್_ಮೈಮ್‌ಹೆಡರ್ ಫಂಕ್ಷನ್ ಇರಬೇಕು. ಅದು ತಾನಾಗಿ ಮಡಿಸುತ್ತದೆ, ಮಡಿಸುವಾಗ ಸಿಆರ್‌ಎಲ್‌ಎಫ್ ಹಾಕುತ್ತದೆ. ಅದರ ನಾಲ್ಕನೇ ಆರ್ಗ್ಯುಮೆಂಟಿನಲ್ಲಿ ಬೇರೆ ಹೇಳದಿದ್ದರೆ ಅದೇ ಡೀಫಾಲ್ಟ್. ಗೆಳೆಯನ ಮಾತು ಕೇಳಿ ನೀವು ಹೆಡರ್‌ಗಳಲ್ಲಿ ಆರ್ ತೆಗೆದಿರಿ, ಸಬ್ಜೆಕ್ಟಿನ ಹೊಟ್ಟೆಯೊಳಗೆ ಒಂದು ಆರ್ ಉಳಿದೇ ಇತ್ತು. ಪಿಎಚ್‌ಪಿ 7.4 ಸೆಂಡ್‌ಮೇಲ್ ಕೈಗೆ ಕೊಟ್ಟದ್ದು ಹೀಗಿತ್ತು:

ಟು: ಗ್ರಾಹಕರ ವಿಳಾಸ, ಕೊನೆಗೆ ಎಲ್‌ಎಫ್
ಸಬ್ಜೆಕ್ಟ್: ಮೊದಲ ತುಂಡು, ಕೊನೆಗೆ ಸಿಆರ್‌ಎಲ್‌ಎಫ್
ಸ್ಪೇಸ್, ಎರಡನೇ ತುಂಡು, ಕೊನೆಗೆ ಎಲ್‌ಎಫ್
ಫ್ರಮ್: ಹೋಮ್‌ಸ್ಟೇ ವಿಳಾಸ, ಕೊನೆಗೆ ಎಲ್‌ಎಫ್
ಕಂಟೆಂಟ್-ಟೈಪ್: ಯುಟಿಎಫ್-8 ಎಚ್‌ಟಿಎಂಎಲ್, ಕೊನೆಗೆ ಎಲ್‌ಎಫ್

ನಿಮ್ಮ ಸರ್ವರಿನ ಮೇಲ್ ಪ್ರೋಗ್ರಾಮ್ ಯಾವುದನ್ನೂ ನೋಡದೆ ಪ್ರತಿ ಎಲ್‌ಎಫ್ ಮುಂದೆ ಒಂದು ಸಿಆರ್ ಸೇರಿಸಿತು. ಮೊದಲ, ಮೂರನೇ, ನಾಲ್ಕನೇ, ಐದನೇ ಸಾಲು ಸರಿಹೋದವು. ಎರಡನೇ ಸಾಲಿನ ಕೊನೆಗೆ ಸಿಆರ್ ಸಿಆರ್ ಎಲ್‌ಎಫ್ ಆಯಿತು. ಅತ್ತ ಕಡೆ ಮೇಲ್ ತೆಗೆದುಕೊಳ್ಳುವ ಕೆಲವು ಸರ್ವರ್‌ಗಳು ‘ಏನೋ ಒಂದು ಸಿಆರ್ ಜಾಸ್ತಿ ಬಂದಿದೆ’ ಅಂತ ಸುಮ್ನೆ ಬಿಡುತ್ತವೆ. ಇನ್ನು ಕೆಲವು ಒಂಟಿ ಸಿಆರ್ ಅನ್ನೂ ಸಾಲಿನ ಕೊನೆ ಅಂತ ತಿಳಿಯುತ್ತವೆ. ಆಗ ಅಲ್ಲಿ ಒಂದು ಖಾಲಿ ಸಾಲು ಹುಟ್ಟುತ್ತದೆ. ಮೇಲಿನಲ್ಲಿ ಖಾಲಿ ಸಾಲು ಅಂದರೆ ಹೆಡರ್ ಮುಗಿಯಿತು, ಇನ್ನು ಪತ್ರ ಶುರು ಅಂತ ಅರ್ಥ. ಮುಂದಿನದೆಲ್ಲ, ಸಬ್ಜೆಕ್ಟಿನ ಎರಡನೇ ಅರ್ಧ, ಫ್ರಮ್, ಕಂಟೆಂಟ್-ಟೈಪ್, ಪತ್ರದೊಳಗೆ ಬಿದ್ದವು. ನಿಮಗೆ ‘ಕೆಲವರಿಗೆ ಮಾತ್ರ’ ಹೀಗಾಗಿದ್ದು ಅದಕ್ಕೇ. ಗ್ರಾಹಕರ ಮೇಲ್ ಕಂಪನಿ ಬದಲಾದಂತೆ ರೋಗದ ಲಕ್ಷಣವೂ ಬದಲಾಗುತ್ತದೆ.

ನೀವು ‘ಕಸ’ ಅಂದಿದ್ದು ಹೇಗಿತ್ತು ಅಂತ ಊಹಿಸಬಲ್ಲೆ. ನೆತ್ತಿಯ ಮೇಲೆ ಗೀಟಿರುವ ಇಂಗ್ಲಿಷಿನ ಸಣ್ಣ ಎ, ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3, ಆಮೇಲೆ ಏನೋ ಒಂದು ಗುರುತು, ಮತ್ತೆ ಅದೇ ಎ, ಅಲ್ವಾ? ಯುಟಿಎಫ್-8ರಲ್ಲಿ ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅವನ್ನು ಪಶ್ಚಿಮದ ಹಳೆ ಅಕ್ಷರಪಟ್ಟಿಯಲ್ಲಿ ಓದಿದರೆ ಆ ಎ, ಆ 2, ಆ 3 ಬರುತ್ತವೆ. ಇದನ್ನು ನೋಡಿ ಜನ ಫಾಂಟ್ ಹಾಳಾಗಿದೆ ಅಂತ ಫಾಂಟ್ ಬದಲಾಯಿಸಲು ಹೋಗುತ್ತಾರೆ. ಫಾಂಟಿನದೇನೂ ತಪ್ಪಿಲ್ಲ. ಯುಟಿಎಫ್-8 ಅಂತ ಹೇಳಬೇಕಾದ ಕಂಟೆಂಟ್-ಟೈಪ್ ಹೆಡರ್ ಪತ್ರದೊಳಗೆ ಬಿದ್ದುಹೋಗಿದೆ, ಹೇಳುವವರು ಯಾರೂ ಇಲ್ಲ.

ಇನ್ನು 8.1ಕ್ಕೆ ಬಂದ ಮೇಲೆ ಆದದ್ದು. ಮೇಲೆ ಬರೆದ ಪಟ್ಟಿ ಇನ್ನೊಮ್ಮೆ ನೋಡಿ. ಟು ಸಾಲಿನ ಕೊನೆಗೆ, ಸಬ್ಜೆಕ್ಟಿನ ಕೊನೆಗೆ ಎಲ್‌ಎಫ್ ಹಾಕಿದ್ದು ನೀವಲ್ಲ, ಪಿಎಚ್‌ಪಿಯೇ. ಪಿಎಚ್‌ಪಿ ಕೈಪಿಡಿ ಮಾತ್ರ ‘ನಿಮ್ಮ ಹೆಡರ್‌ಗಳಿಗೆ ಸಿಆರ್‌ಎಲ್‌ಎಫ್ ಹಾಕಿ’ ಅನ್ನುತ್ತದೆ. ಕೈಪಿಡಿ ಹೇಳಿದಂತೆ ಮಾಡಿದರೆ ಅರ್ಧ ಎಲ್‌ಎಫ್, ಅರ್ಧ ಸಿಆರ್‌ಎಲ್‌ಎಫ್. ಇದು ತಪ್ಪು ಅಂತ ಯಾರೋ ಬರೆದ ದೂರಿಗೆ 47983 ಅಂತ ನಂಬರ್ ಇದೆ. ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಕೊನೆಗೆ 2020ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.0ರಲ್ಲಿ ಸರಿ ಮಾಡಿದರು: ಇನ್ನು ಮೇಲೆ ಪಿಎಚ್‌ಪಿ ತಾನು ಹಾಕುವ ಕಡೆಯೂ ಸಿಆರ್‌ಎಲ್‌ಎಫ್ ಹಾಕುತ್ತದೆ.

ನಿಯಮದ ದೃಷ್ಟಿಯಿಂದ ಇದು ಸರಿಯೇ. ಆದರೆ ನಿಮ್ಮ ಸರ್ವರಿನ ಮೇಲ್ ಪ್ರೋಗ್ರಾಮ್ ಬದಲಾಗಿಲ್ಲವಲ್ಲ. ಅದು ಹಳೆ ಚಾಳಿಯಂತೆ ಎಲ್‌ಎಫ್ ಕಂಡಲ್ಲೆಲ್ಲ ಸಿಆರ್ ಸೇರಿಸುತ್ತಿದೆ. ಈಗ ಮೊದಲ ಸಾಲಾದ ಟು ಕೊನೆಯಲ್ಲೇ ಎರಡು ಸಿಆರ್. ಹೆಡರ್ ಅಲ್ಲೇ ಮುಗಿಯಿತು. ಸಬ್ಜೆಕ್ಟ್, ಫ್ರಮ್ ಎಲ್ಲ ಪತ್ರದ ಪಾಲು. ಅದಕ್ಕೇ ‘ಸಬ್ಜೆಕ್ಟೇ ಇಲ್ಲ’. ‘ಮೇಲೇ ಇಲ್ಲ’ ಅನ್ನುವವರ ಕಥೆ: ಫ್ರಮ್ ಇಲ್ಲದ ಮೇಲನ್ನು ಜಿಮೇಲ್‌ನಂಥವರು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಕಂಪನಿಯವರು ‘ಬೇರೇನೂ ಮುಟ್ಟಿಲ್ಲ’ ಅಂದಿದ್ದು ನಿಜವೇ ಇರಬಹುದು. ಮುಟ್ಟಬೇಕಿತ್ತು.

ಇಲ್ಲಿ ಗೆಳೆಯನ ಮದ್ದು ಇನ್ನು ಕೆಲಸ ಮಾಡುವುದಿಲ್ಲ. ನಿಮ್ಮ ಕೋಡಿನಲ್ಲಿ ಎಷ್ಟೇ ಆರ್ ಕಿತ್ತರೂ ಪಿಎಚ್‌ಪಿ ಹಾಕುವ ಆರ್ ಅನ್ನು ನೀವು ಕೀಳಲಾರಿರಿ.

ಇದೇ ಗೋಳು ಬೇರೆಯವರಿಗೂ ಆಗಿ, 2023ರ ಮಾರ್ಚಿನ ಪಿಎಚ್‌ಪಿ 8.2.4ರಲ್ಲಿ ಒಂದು ಸೆಟ್ಟಿಂಗ್ ಕೊಟ್ಟರು. ಹೆಸರು ಮೇಲ್.ಮಿಕ್ಸ್‌ಡ್_ಎಲ್‌ಎಫ್_ಅಂಡ್_ಸಿಆರ್‌ಎಲ್‌ಎಫ್. ಪಿಎಚ್‌ಪಿ.ಐಎನ್‌ಐ ಫೈಲಿನಲ್ಲಿ ಅದನ್ನು ಆನ್ ಮಾಡಿದರೆ ಪಿಎಚ್‌ಪಿ ಮತ್ತೆ 7ರ ಕಾಲದಂತೆ ಎಲ್‌ಎಫ್ ಹಾಕುತ್ತದೆ. ನಿಮ್ಮ 8.1ರಲ್ಲಿ ಇದು ಇಲ್ಲ. ಇನ್ನೊಂದು, ಇದನ್ನು ಆನ್ ಮಾಡಿದರೂ ಉದ್ದ ಸಬ್ಜೆಕ್ಟಿನ ಹೊಟ್ಟೆಯೊಳಗಿನ ಸಿಆರ್ ನಿಮ್ಮ ಜವಾಬ್ದಾರಿಯೇ.

ಮೇಲ್ ಪ್ರೋಗ್ರಾಮ್ ಯಾವುದು ಅಂತ ನೀವು ಬರೆದಿಲ್ಲ. ಎಲ್‌ಎಫ್‌ಗೆ ಕಣ್ಣುಮುಚ್ಚಿ ಸಿಆರ್ ಸೇರಿಸುವುದಕ್ಕೆ ಪಿಎಚ್‌ಪಿ ಕೈಪಿಡಿಯೇ ಕ್ಯೂಮೇಲ್ ಹೆಸರು ತೆಗೆದು ಎಚ್ಚರಿಸುತ್ತದೆ. ಹಳೆ ಪೋಸ್ಟ್‌ಫಿಕ್ಸ್ ಕೂಡ ಇರಬಹುದು. ಪೋಸ್ಟ್‌ಫಿಕ್ಸ್ 2.9ರಿಂದ ಸೆಂಡ್‌ಮೇಲ್_ಫಿಕ್ಸ್_ಲೈನ್_ಎಂಡಿಂಗ್ಸ್ ಅನ್ನುವ ಸೆಟ್ಟಿಂಗ್ ಇದೆ. 2.8 ಮತ್ತು ಅದಕ್ಕಿಂತ ಹಳೆಯದರಲ್ಲಿ ಆ ಸೆಟ್ಟಿಂಗ್ ಇರಲಿಲ್ಲ, ಪೋಸ್ಟ್‌ಫಿಕ್ಸ್ ಮೊದಲ ಸಾಲನ್ನು ಮಾತ್ರ ನೋಡುತ್ತಿತ್ತು. ಮೊದಲ ಸಾಲಿನಲ್ಲಿ ಸಿಆರ್‌ಎಲ್‌ಎಫ್ ಇದ್ದರೆ ಉಳಿದ ಸಾಲುಗಳ ಸಿಆರ್ ತೆಗೆಯುತ್ತಿತ್ತು, ಇಲ್ಲದಿದ್ದರೆ ಬಿಡುತ್ತಿತ್ತು. ಪಿಎಚ್‌ಪಿ 7ರ ಮೊದಲ ಸಾಲಿನಲ್ಲಿ ಬರೀ ಎಲ್‌ಎಫ್. ಅಲ್ಲಿಗೆ ಮುಗಿಯಿತು. 2.9ರಿಂದ ಈಚೆಗೆ, ಸೆಟ್ಟಿಂಗ್ ಮುಟ್ಟದಿದ್ದರೆ, ಪ್ರತಿ ಸಾಲನ್ನೂ ನೋಡಿ ಸರಿ ಮಾಡುತ್ತದೆ. ಹೊಸ ಪೋಸ್ಟ್‌ಫಿಕ್ಸ್ ಇರುವ ಸರ್ವರಿನಲ್ಲಿ ನೀವು ಹೇಗೆ ಹಾಕಿದರೂ ಮೇಲ್ ಹೋಗಿಬಿಡುತ್ತದೆ. ‘ನನ್ನ ಸರ್ವರಿನಲ್ಲಿ ಚೆನ್ನಾಗಿದೆ, ನಿನ್ನದರಲ್ಲಿ ಯಾಕಿಲ್ಲ’ ಅನ್ನುವ ಜಗಳಗಳು ಹುಟ್ಟುವುದು ಇಲ್ಲೇ. ನಿಮ್ಮದು 8.1ರಲ್ಲಿ ಟು ಸಾಲಿಗೇ ಒಡೆಯುತ್ತಿದೆ ಅಂದರೆ ಹಳೆ ಪೋಸ್ಟ್‌ಫಿಕ್ಸ್‌ಗಿಂತ ಕ್ಯೂಮೇಲ್ ಜಾತಿಯದರ ಮೇಲೇ ನನ್ನ ಅನುಮಾನ. ಯಾಕೆಂದರೆ ಹಳೆ ಪೋಸ್ಟ್‌ಫಿಕ್ಸ್ ಆದರೂ ಮೊದಲ ಸಾಲಿನ ಸಿಆರ್‌ಎಲ್‌ಎಫ್ ನೋಡಿ ಎಲ್ಲವನ್ನೂ ಸರಿ ಮಾಡಬೇಕಿತ್ತು.

ಅನುಮಾನ ಪರಿಹಾರ ಮಾಡಿಕೊಳ್ಳುವುದು ಕಷ್ಟವಲ್ಲ. ಪಿಎಚ್‌ಪಿಯಲ್ಲಿ ಸೆಂಡ್‌ಮೇಲ್_ಪಾತ್ ಅನ್ನುವ ಸೆಟ್ಟಿಂಗ್ ಇದೆ. ಶೆಲ್ ಸಿಗುವ ಯಂತ್ರದಲ್ಲಿ, ಕಮಾಂಡ್ ಲೈನಿನಿಂದ ಮೈನಸ್ ಡಿ ಕೊಟ್ಟು, ಅದಕ್ಕೆ ಸೆಂಡ್‌ಮೇಲ್ ಬದಲು ಬಂದದ್ದನ್ನು ಒಂದು ಫೈಲಿಗೆ ಬರೆಯುವ ಕ್ಯಾಟ್ ಕಮಾಂಡ್ ಕೊಡಿ. ಮೇಲ್ ಎಲ್ಲೂ ಹೋಗುವುದಿಲ್ಲ, ಪಿಎಚ್‌ಪಿ ಕೊಟ್ಟದ್ದು ಬೈಟಿಗೆ ಬೈಟ್ ಫೈಲಿನಲ್ಲಿ ಕೂರುತ್ತದೆ. ಆಮೇಲೆ ಆ ಫೈಲನ್ನು ಕ್ಯಾಟ್ ಮೈನಸ್ ದೊಡ್ಡ ಎ ಕೊಟ್ಟು ನೋಡಿ. ಎಲ್‌ಎಫ್ ಇದ್ದಲ್ಲಿ ಡಾಲರ್ ಚಿಹ್ನೆ ಕಾಣುತ್ತದೆ. ಸಿಆರ್ ಇದ್ದಲ್ಲಿ ಕ್ಯಾರೆಟ್ ಗುರುತು ಮತ್ತು ದೊಡ್ಡ ಎಂ. ಪ್ರತಿ ಸಾಲಿನ ಕೊನೆಯೂ ಒಂದೇ ಥರ ಇರಬೇಕು. ಒಂದು ಸಾಲಿಗೆ ಡಾಲರ್ ಮಾತ್ರ, ಇನ್ನೊಂದಕ್ಕೆ ಕ್ಯಾರೆಟ್ ಎಂ ಡಾಲರ್ ಅಂತಿದ್ದರೆ ತಪ್ಪು ನಿಮ್ಮ ಕೋಡಿನಲ್ಲಿ. ಎಲ್ಲ ಒಂದೇ ಥರ ಇದ್ದೂ ಗ್ರಾಹಕರಿಗೆ ಒಡೆದು ಹೋದರೆ ತಪ್ಪು ಮೇಲ್ ಪ್ರೋಗ್ರಾಮಿನಲ್ಲಿ. ಕಂಪನಿಯವರಿಗೆ ಕಳಿಸಲು ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಈಗ ಮಾಡಬೇಕಾದ್ದು. ನನ್ನನ್ನು ಕೇಳಿದರೆ ಮೇಲ್ ಫಂಕ್ಷನ್ನನ್ನೇ ಬಿಟ್ಟುಬಿಡಿ. ಪಿಎಚ್‌ಪಿಮೇಲರ್ ಅನ್ನುವ ಲೈಬ್ರರಿ ಹಾಕಿಕೊಂಡು, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು, 587ನೇ ಅಥವಾ 465ನೇ ಪೋರ್ಟಿನಲ್ಲಿ ನೇರ ಎಸ್‌ಎಂಟಿಪಿ (ಮೇಲ್ ಸರ್ವರ್‌ಗಳು ಮಾತಾಡುವ ಭಾಷೆ) ಮೂಲಕ ಕಳಿಸಿ. ಆಗ ನಡುವೆ ಸೆಂಡ್‌ಮೇಲ್ ಇರುವುದಿಲ್ಲ. ಸಿಆರ್‌ಎಲ್‌ಎಫ್ ಹಾಕುವವರು ಒಬ್ಬರೇ, ಲೈಬ್ರರಿ. ಮೇಲ್ ಫಂಕ್ಷನ್ ಮೂಲಕವೇ ಕಳಿಸುವಂತೆ ಹೇಳಿದರೂ ಆ ಲೈಬ್ರರಿ ಪಿಎಚ್‌ಪಿ 8 ಇದೆಯೋ ಅದಕ್ಕಿಂತ ಹಳೆಯದೋ, ವಿಂಡೋಸೋ ಲಿನಕ್ಸೋ ನೋಡಿ ಸಾಲಿನ ಕೊನೆ ಆರಿಸುತ್ತದೆ. ಅಷ್ಟು ಪೆಟ್ಟು ತಿಂದು ಬರೆದ ಕೋಡ್ ಅದು. ಒಂದು ಮಾತ್ರ ಮರೆಯಬೇಡಿ: ಅದರ ಡೀಫಾಲ್ಟ್ ಅಕ್ಷರಪಟ್ಟಿ ಐಎಸ್‌ಒ-8859-1. ಕ್ಯಾರ್‌ಸೆಟ್ ಅನ್ನು ಯುಟಿಎಫ್-8 ಮಾಡದಿದ್ದರೆ ಕನ್ನಡದ ಗತಿ ಅಷ್ಟೇ.

ಕೋಡ್‌ಇಗ್ನೈಟರ್ 3 ಅನ್ನುವ ಪಿಎಚ್‌ಪಿ ಫ್ರೇಮ್‌ವರ್ಕಿನಲ್ಲಿ ಇದೇ ಕೆಲಸ ಮಾಡುವ ಸ್ನೇಹಿತರು ನಿಮ್ಮ ಕಡೆ ಇದ್ದರೆ ಅವರಿಗೂ ಹೇಳಿ. ಅದರ ಇಮೇಲ್ ಲೈಬ್ರರಿಯಲ್ಲಿ ನ್ಯೂಲೈನ್, ಸಿಆರ್‌ಎಲ್‌ಎಫ್ ಎರಡೂ ಸೆಟ್ಟಿಂಗಿನ ಡೀಫಾಲ್ಟ್ ಬರೀ ಎಲ್‌ಎಫ್. ನೇರ ಎಸ್‌ಎಂಟಿಪಿಗೆ ಅದು ಸಾಲದು, ಎದುರಿನ ಸರ್ವರ್ ಸಾಲು ಮುಗಿಯಲಿ ಅಂತ ಕಾಯುತ್ತಾ ಕೂತುಬಿಡಬಹುದು. ಎರಡನ್ನೂ ಸಿಆರ್‌ಎಲ್‌ಎಫ್ ಮಾಡಬೇಕು, ಡಬಲ್ ಕೋಟ್ ಒಳಗೆ. ಸಿಂಗಲ್ ಕೋಟ್ ಒಳಗೆ ಬರೆದರೆ ಪಿಎಚ್‌ಪಿಗೆ ಅದು ಬ್ಯಾಕ್‌ಸ್ಲ್ಯಾಶ್, ಆರ್, ಬ್ಯಾಕ್‌ಸ್ಲ್ಯಾಶ್, ಎನ್ ಅನ್ನುವ ನಾಲ್ಕು ಅಕ್ಷರ, ಸಾಲಿನ ಕೊನೆ ಅಲ್ಲವೇ ಅಲ್ಲ. ಇಷ್ಟು ಸಣ್ಣ ವಿಷಯಕ್ಕೆ ಜನ ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ.

ಹಠಕ್ಕೆ ಬಿದ್ದು ಮೇಲ್ ಫಂಕ್ಷನ್ನೇ ಬೇಕು ಅಂದರೆ, ಪಿಎಚ್‌ಪಿ 8ರಲ್ಲಿ ಎಲ್ಲ ಕಡೆ ಸಿಆರ್‌ಎಲ್‌ಎಫ್ ಇರಲಿ. ಹೆಡರ್‌ಗಳನ್ನು ಉದ್ದ ಸ್ಟ್ರಿಂಗ್ ಮಾಡುವ ಬದಲು ಅರೇ ಆಗಿ ಕೊಡಿ. 7.2ರಿಂದ ಹಾಗೆ ಕೊಡಬಹುದು, ಸಾಲು ಮುರಿಯುವ ಕೆಲಸ ಪಿಎಚ್‌ಪಿ ನೋಡಿಕೊಳ್ಳುತ್ತದೆ. ಪಿಎಚ್‌ಪಿ_ಇಒಎಲ್ ಅನ್ನುವ ಕಾನ್‌ಸ್ಟಂಟ್ ಹಾಕಿ ಅನ್ನುವ ಸಲಹೆಯೂ ನಿಮಗೆ ಸಿಕ್ಕೀತು. ಲಿನಕ್ಸಿನಲ್ಲಿ ಅದು ಬರೀ ಎಲ್‌ಎಫ್. 8ರಲ್ಲಿ ಅದು ಕಲಬೆರಕೆಗೆ ದಾರಿ. ಆಮೇಲೆ ಕಂಪನಿಯವರಿಗೆ ಹೇಳಿ ಮೇಲ್ ಪ್ರೋಗ್ರಾಮ್ ಸರಿ ಮಾಡಿಸಬೇಕು, ಇಲ್ಲವೇ 8.2.4 ಅಥವಾ ಅದಕ್ಕಿಂತ ಹೊಸದು ಹಾಕಿಸಿ ಆ ಸೆಟ್ಟಿಂಗ್ ಆನ್ ಮಾಡಿಸಬೇಕು. ಆನ್ ಮಾಡಿಸಿದರೆ ಮಾತ್ರ ಲೆಕ್ಕ ಉಲ್ಟಾ: ನಿಮ್ಮ ಕೋಡಿನಲ್ಲೂ ಎಲ್ಲ ಎಲ್‌ಎಫ್ ಆಗಬೇಕು, ಎಂಬಿ_ಎನ್‌ಕೋಡ್_ಮೈಮ್‌ಹೆಡರ್‌ನ ನಾಲ್ಕನೇ ಆರ್ಗ್ಯುಮೆಂಟಿನಲ್ಲಿ ಎಲ್‌ಎಫ್ ಅಂತ ಹೇಳಬೇಕು.

ಇನ್ನೊಂದು ಕಳ್ಳ ಬಾಗಿಲು ಇದೆ. ನೀವು ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕೋಡ್ ಬರೆಯುವವರಾದರೆ, ಹೆಡರ್‌ಗಳನ್ನು ಎಡಿಟರಿನಲ್ಲಿ ಎಂಟರ್ ಒತ್ತಿ ಒತ್ತಿ ಹಲವು ಸಾಲಿನ ಸ್ಟ್ರಿಂಗ್ ಆಗಿ ಬರೆದಿದ್ದರೆ, ಫೈಲಿನ ಸಾಲಿನ ಕೊನೆ ಏನಿದೆಯೋ ಅದೇ ಮೇಲಿಗೆ ಹೋಗುತ್ತದೆ. ಮನೆಯಲ್ಲಿ ಸಿಆರ್‌ಎಲ್‌ಎಫ್. ಫೈಲ್‌ಜಿಲ್ಲಾದಲ್ಲಿ ಆಸ್ಕಿ ಮೋಡಿನಲ್ಲಿ ಸರ್ವರಿಗೆ ಏರಿಸಿದರೆ ದಾರಿಯಲ್ಲಿ ಎಲ್‌ಎಫ್ ಆಗುತ್ತದೆ, ಬೈನರಿ ಮೋಡಿನಲ್ಲಿ ಏರಿಸಿದರೆ ಹಾಗೇ ಉಳಿಯುತ್ತದೆ. ಕೋಡ್ ಒಂದಕ್ಷರ ಬದಲಾಗಿಲ್ಲ, ಮೇಲ್ ಒಡೆಯುತ್ತದೆ. ಹೆಡರ್‌ಗಳನ್ನು ಹಾಗೆ ಬರೆಯಲೇಬೇಡಿ.

‘ಹೇಗೋ ಹೋಗುತ್ತಿದೆಯಲ್ಲ, ಬಿಡಿ’ ಅನ್ನುವ ಕಾಲ ಮುಗಿದಿದೆ ಅನ್ನುವುದಕ್ಕೂ ಕಾರಣ ಇದೆ. 2023ರ ಡಿಸೆಂಬರಿನಲ್ಲಿ ಎಸ್‌ಎಂಟಿಪಿ ಸ್ಮಗ್ಲಿಂಗ್ ಅನ್ನುವ ದಾಳಿ ಬೆಳಕಿಗೆ ಬಂತು. ಒಂದು ಸಾಲಿನಲ್ಲಿ ಬರೀ ಚುಕ್ಕೆ ಇದ್ದರೆ ಮೇಲ್ ಮುಗಿಯಿತು ಅಂತ ಅರ್ಥ. ಆ ಚುಕ್ಕೆಯ ಹಿಂದೆ ಮುಂದೆ ಸಿಆರ್‌ಎಲ್‌ಎಫ್ ಬದಲು ಒಂಟಿ ಎಲ್‌ಎಫ್ ಇಟ್ಟರೆ ಕಳಿಸುವ ಸರ್ವರ್ ಅದನ್ನು ಸಾಮಾನ್ಯ ಬರಹ ಅಂದುಕೊಳ್ಳುತ್ತದೆ, ಉದಾರ ಮನಸ್ಸಿನ ಎದುರಿನ ಸರ್ವರ್ ಮೇಲ್ ಮುಗಿಯಿತು ಅಂದುಕೊಳ್ಳುತ್ತದೆ. ಉಳಿದದ್ದನ್ನು ಅದು ಹೊಸ ಮೇಲ್ ಅಂತ ಓದುತ್ತದೆ. ಹಾಗೆ ಬೇರೆಯವರ ಹೆಸರಿನಲ್ಲಿ ಸುಳ್ಳು ಮೇಲ್ ತೂರಿಸಬಹುದು. ಪೋಸ್ಟ್‌ಫಿಕ್ಸ್, ಎಕ್ಸಿಮ್, ಸೆಂಡ್‌ಮೇಲ್ ಮೂರೂ ಇದಕ್ಕೆ ತೇಪೆ ಹಾಕಿದವು. ಪೋಸ್ಟ್‌ಫಿಕ್ಸ್ 3.9ರಲ್ಲಿ ಈ ಕಾವಲು ಮೊದಲಿನಿಂದಲೇ ಆನ್ ಇರುತ್ತದೆ. ಒಂಟಿ ಎಲ್‌ಎಫ್ ಕಂಡ ಮೇಲನ್ನು ಪೂರ್ತಿ ತಿರಸ್ಕರಿಸುವಂತೆಯೂ ಅದನ್ನು ಇಡಬಹುದು. ಮೈಕ್ರೋಸಾಫ್ಟ್ ಕಡೆಯಿಂದ 550 5.6.11 ಅನ್ನುವ ಎರರ್ ಬಂದರೆ ಅದೂ ಒಂಟಿ ಎಲ್‌ಎಫ್ ಗಲಾಟೆಯೇ. ಡಿಕೆಐಎಂ (ಮೇಲ್ ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿ) ಹಾಕಿ ಕಳಿಸುವವರಿಗೂ ತೊಂದರೆ. ಸಹಿ ಬಿದ್ದ ಮೇಲೆ ದಾರಿಯಲ್ಲಿ ಯಾರಾದರೂ ಸಾಲಿನ ಕೊನೆ ತಿದ್ದಿದರೆ ಸಹಿ ಕೆಡಬಹುದು.

ನಿಮ್ಮ ಬುಕಿಂಗ್ ಫಾರ್ಮನ್ನೂ ಒಮ್ಮೆ ನೋಡಿಕೊಳ್ಳಿ. ಗ್ರಾಹಕರು ತುಂಬಿದ ಹೆಸರು, ಇಮೇಲನ್ನು ರಿಪ್ಲೈ-ಟು ಹೆಡರಿಗೆ ನೇರವಾಗಿ ಅಂಟಿಸಿದ್ದರೆ, ಕಿಡಿಗೇಡಿಯೊಬ್ಬ ಹೆಸರಿನ ಜಾಗದಲ್ಲಿ ಒಂದು ಸಾಲು ಮುರಿತ ಹಾಕಿ, ಕೆಳಗೆ ಬಿಸಿಸಿ ಅಂತ ನೂರಾರು ವಿಳಾಸ ತುಂಬಬಹುದು. ಹೋಮ್‌ಸ್ಟೇ ಹೆಸರಿನಲ್ಲಿ ಸ್ಪ್ಯಾಮ್ ಹೋಗುತ್ತದೆ. ಫಾರ್ಮಿನಿಂದ ಬಂದದ್ದರಲ್ಲಿ 13, 10 ಯಾವುದು ಇದ್ದರೂ ಆ ಫಾರ್ಮನ್ನು ತಿರಸ್ಕರಿಸಿ. ಹೆಸರಿನಲ್ಲಿ ಎಂಟರ್ ಒತ್ತುವ ಅಗತ್ಯ ಯಾರಿಗೂ ಇಲ್ಲ.

ಎಲ್ಲ ಬದಲಾಯಿಸಿದ ಮೇಲೆ ಟೆಸ್ಟಿಗೆ ಇಂಗ್ಲಿಷ್ ಸಬ್ಜೆಕ್ಟ್ ಹಾಕಬೇಡಿ, ‘ಧನ್ಯವಾದಗಳು’ ಕೂಡ ಬೇಡ. ‘ಮೈಸೂರು ದಸರಾ ದಿನಗಳಿಗೆ ನಿಮ್ಮ ಕೊಠಡಿ ಬುಕಿಂಗ್ ಖಚಿತವಾಗಿದೆ’ ಅನ್ನುವಷ್ಟು ಉದ್ದ ಹಾಕಿ. ಎರಡು ಮೂರು ಮಡಿಕೆ ಬೀಳಲಿ. ಜಿಮೇಲ್ ಒಂದಕ್ಕೇ ಕಳಿಸಿ ನಿಲ್ಲಿಸಬೇಡಿ. ಔಟ್‌ಲುಕ್, ಯಾಹೂ, ಭಾವನ ಪರಿಚಯದವರ ಆಫೀಸಿನ ವಿಳಾಸ ಯಾವುದಾದರೂ ಇದ್ದರೆ ಅದಕ್ಕೂ ಕಳಿಸಿ. ಜಿಮೇಲಿನಲ್ಲಿ ಮೂಲ ಪತ್ರ ತೋರಿಸು ಅನ್ನುವ ಆಯ್ಕೆ ಒತ್ತಿ, ಸಬ್ಜೆಕ್ಟಿನ ತುಂಡುಗಳ ನಡುವೆ ಖಾಲಿ ಸಾಲು ಇದೆಯಾ ನೋಡಿ. ಇಲ್ಲ ಅಂದರೆ ಗ್ರಾಹಕರಿಗೆ ಕಳಿಸಲು ಶುರು ಮಾಡಿ. ಕಂಪನಿಯವರ ಉತ್ತರಕ್ಕೆ ಕಾಯುವ ಹೊತ್ತಿಗೆ ಎಸ್‌ಎಂಟಿಪಿ ದಾರಿಯಲ್ಲಿ ಕೆಲಸ ನಡೆಯುತ್ತಿರುತ್ತದೆ. ಒಡೆದುಹೋದ ಮೇಲ್‌ಗಳ ಪಟ್ಟಿ ನಿಮ್ಮ ಬಳಿ ಇದ್ದರೆ, ಆ ಗ್ರಾಹಕರಿಗೆ ಒಂದು ಫೋನ್ ಮಾಡಲು ಭಾವನಿಗೆ ಹೇಳಿ.